ಮಿರಗ ಮಳೆ ಕೂಡುವ ಮುಂಚೆ: ಹಳೆ ಕ್ಯಾರವಾನ್ ಸೋರಿಕೆ ಹುಡುಕುವುದು, ಲಡ್ಡು ಹಿಡಿದ ಗೋಡೆ ರಿಪೇರಿ ಮಾಡುವುದು

ಜುಲೈ ತಿಂಗಳು, ದಾಂಡೇಲಿ ಹತ್ತಿರ, ರಾತ್ರಿ ಎರಡು ಗಂಟೆ. ಮಗಳು ಎಬ್ಬಿಸಿ "ಅಪ್ಪಾ, ಗಾದಿ ಹಸಿ ಆಗೇತಿ" ಅಂದಳು. ಕೈಯಿಟ್ಟು ನೋಡಿದೆ. ಗಾದಿಯ ಅಡಿ ಪೂರ್ತಿ ನೆಂದಿತ್ತು. ಟಾರ್ಚ್ ಹಿಡಿದು ಮೇಲೆ ನೋಡಿದರೆ ಛಾವಣಿ ಒಣಗಿಯೇ ಇದೆ, ಒಂದು ಹನಿಯೂ ಬೀಳುತ್ತಿಲ್ಲ. ನೀರು ಗೋಡೆಯ ಪ್ಲೈವುಡ್ ಹಿಂದಿನಿಂದ ಸದ್ದಿಲ್ಲದೆ ಇಳಿದು ಮಂಚದ ಹಲಗೆಯ ಮೇಲೆ ನಿಂತಿತ್ತು. ಆ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿದೆ. ಚಹಾದಲ್ಲಿ ಅದ್ದಿದ ಬಿಸ್ಕೀಟಿನ ಹಾಗೆ ಒಳಗೆ ಹೋಯಿತು.

ಅದಕ್ಕೆ ಎರಡು ವರ್ಷ ಮುಂಚೆಯೇ ಅಲ್ಲಿ ಒಂದು ಕಂದು ಕಲೆ ಕಂಡಿತ್ತು. ನಾನು ಪುಟ್ಟಿ ಹಚ್ಚಿ ಬಣ್ಣ ಬಳಿದು ಬಿಟ್ಟಿದ್ದೆ. ಆ ಎರಡು ವರ್ಷದಲ್ಲಿ ಒಳಗಿನ ಕಟ್ಟಿಗೆ ಲಡ್ಡು ಹಿಡಿದು, ಅಂದರೆ ಕೊಳೆತು ಮೆತ್ತಗಾಗಿ ಹೋಯಿತು. ನಿಮ್ಮ ಹತ್ತಿರ ಹಳೆ ಟ್ರೇಲರ್ ಕ್ಯಾರವಾನ್ ಇರಲಿ, ಹಳೆ ಟೆಂಪೊ ಟ್ರಾವೆಲರ್ ಒಳಗೆ ಪ್ಲೈವುಡ್ ಹೊಡೆಸಿ ಮಲಗುವ ಗಾಡಿ ಮಾಡಿಕೊಂಡಿರಲಿ, ಮೊದಲು ಇದೊಂದು ಮಾತು ಕೇಳಿ. ಒಳಗೆ ಕಲೆ ಕಂಡ ದಿನ ಒಳಗಡೆ ಏನನ್ನೂ ಹಚ್ಚಬೇಡಿ. ಹೊರಗಿನಿಂದ ನೀರು ಎಲ್ಲಿ ನುಗ್ಗುತ್ತಿದೆ ಅಂತ ಹುಡುಕಿ. ಒಳಗಿನ ಬಣ್ಣಕ್ಕೆ ನೀರು ನಿಲ್ಲುವುದಿಲ್ಲ, ನಮ್ಮ ಕಣ್ಣಿಗೆ ಬೀಳುವುದಿಲ್ಲ ಅಷ್ಟೇ.

ನಮ್ಮದು 13 ಅಡಿಯ ಟ್ರೇಲರ್. ಗದಗ ಕಡೆ ಗುತ್ತಿಗೆದಾರರೊಬ್ಬರು ಕೆಲಸದ ಜಾಗದಲ್ಲಿ ಎಂಜಿನಿಯರುಗಳು ಇರಲಿಕ್ಕೆ ಅಂತ ಇಟ್ಟಿದ್ದರು, ಕೆಲಸ ಮುಗಿದ ಮೇಲೆ ಮಾರಿದರು. ಇಂಥ ಗಾಡಿಯ ಮೈ ಹೇಗಿರುತ್ತದೆ ಅಂತ ತಿಳಿದರೆ ಅರ್ಧ ಕೆಲಸ ಆದ ಹಾಗೆ. ಕೆಳಗೆ ಕಬ್ಬಿಣದ ಚಾಸಿ. ಅದರ ಮೇಲೆ ಪ್ಲೈವುಡ್ ನೆಲ. ನೆಲದ ಮೇಲೆ ಕಟ್ಟಿಗೆ ರೀಪಿನ ಚೌಕಟ್ಟು. ಹೊರಗೆ ಅಲ್ಯೂಮಿನಿಯಂ ತಗಡು, ಒಳಗೆ 3-4 ಮಿಲಿಮೀಟರಿನ ತೆಳು ಪ್ಲೈವುಡ್, ನಡುವೆ ಥರ್ಮೋಕೋಲ್ ಅಥವಾ ಗ್ಲಾಸ್‌ವೂಲ್. ಛಾವಣಿಯ ತಗಡು ಗೋಡೆಯ ತಗಡಿಗೆ ಕೂಡುವ ಅಂಚಿನುದ್ದಕ್ಕೂ ಒಂದು ಅಲ್ಯೂಮಿನಿಯಂ ಪಟ್ಟಿ ಇಟ್ಟು ಸಾಲಾಗಿ ಸ್ಕ್ರೂ ಹೊಡೆದಿರುತ್ತಾರೆ, ಪಟ್ಟಿಯ ಅಡಿ ಮೆತ್ತನೆ ಅಂಟು ಇರುತ್ತದೆ. ಹತ್ತು ಹದಿನೈದು ವರ್ಷ ಬಿಸಿಲು ತಿಂದ ಮೇಲೆ ಆ ಅಂಟು ಒಣಗಿ, ಕುಗ್ಗಿ, ಬಿರುಕು ಬಿಡುತ್ತದೆ. ಗಾಡಿ ಓಡುವಾಗ ಇಡೀ ಪೆಟ್ಟಿಗೆ ಸ್ವಲ್ಪ ಸ್ವಲ್ಪ ತಿರುಚುತ್ತಲೇ ಇರುತ್ತದೆ ಅಲ್ವಾ, ಆಗ ಆ ಬಿರುಕು ಬಾಯಿ ಬಿಡುತ್ತದೆ. ಕೂದಲೆಳೆಯಷ್ಟು ಸಂದಿ ಸಾಕು, ನೀರು ತಾನೇ ಎಳೆದುಕೊಂಡು ಒಳಗೆ ಹೋಗುತ್ತದೆ.

ಯಾವಾಗ ಶುರು ಮಾಡಬೇಕು

ನಮ್ಮ ಕಡೆ ಈ ಕೆಲಸಕ್ಕೆ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಕಾಲವೇ ಸರಿ. ಹುಬ್ಬಳ್ಳಿ-ಧಾರವಾಡದಲ್ಲಿ ಏಪ್ರಿಲ್ ಹೊತ್ತಿಗೆ ಬಿಸಿಲು 36-37 ಡಿಗ್ರಿ ಮುಟ್ಟುತ್ತದೆ, ಗಾಳಿಯಲ್ಲಿ ಪಸೆ ಇರುವುದಿಲ್ಲ. ಕಟ್ಟಿಗೆ ಒಣಗಿಸಲಿಕ್ಕೆ ಅದಕ್ಕಿಂತ ಒಳ್ಳೆಯ ಯಂತ್ರ ಇಲ್ಲ. ಏಪ್ರಿಲ್ ಕೊನೆಗೆ ಅಡ್ಡ ಮಳೆ ಶುರುವಾಗುತ್ತದೆ, ಜೂನ್ 7-8ಕ್ಕೆ ಮಿರಗ, ಅಂದರೆ ಮೃಗಶಿರ ಮಳೆ ಕೂಡುತ್ತದೆ. ಅಷ್ಟರೊಳಗೆ ಮೇಲಿನ ಸೀಲ್ ಮುಗಿದಿರಬೇಕು. ಧಾರವಾಡದಲ್ಲಿ ಜುಲೈ-ಆಗಸ್ಟ್ ಜಿಟಿಜಿಟಿ ಮಳೆ ಹಿಡಿದರೆ ದಿನಗಟ್ಟಲೆ ಬಿಡುವುದಿಲ್ಲ. ಆಗ ಗೋಡೆ ಬಿಚ್ಚಿ ಕೂತರೆ ಒಣಗುವ ಬದಲು ಇನ್ನಷ್ಟು ಹಸಿಯಾಗುತ್ತದೆ.

ಸೋರುವುದು ಮಳೆಗಾಲದಲ್ಲೇ ಗೊತ್ತಾಯಿತು ಅಂದರೆ? ಸುಮ್ನೆ ಒಂದು ಒಳ್ಳೆಯ ತಾಡಪತ್ರಿ ತಂದು ಮುಚ್ಚಿ. ತಗಡಿಗೆ ಅಂಟುವಂತೆ ಬಿಗಿದು ಕಟ್ಟಬೇಡಿ. ನಾಲ್ಕು ಬೊಂಬು ನಿಲ್ಲಿಸಿ ಮೇಲೆ ಒಂದಡಿ ಜಾಗ ಬಿಟ್ಟು ಇಳಿಜಾರಾಗಿ ಕಟ್ಟಿ. ಮೈಗೆ ಸುತ್ತಿದ ತಾಡಪತ್ರಿ ಒಳಗಿನ ಹಸಿಯನ್ನು ಹೊರಗೆ ಬಿಡುವುದಿಲ್ಲ.

ಎಷ್ಟು ಹಾಳಾಗಿದೆ ಅಂತ ಮೊದಲು ನೋಡಿ

ಗಾಡಿಯ ಕಿಟಕಿ ಬಾಗಿಲು ಒಂದು ದಿನ ಪೂರ್ತಿ ಮುಚ್ಚಿಡಿ. ಮರುದಿನ ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಮೂಗು ಹಾಕಿ. ಹಳೆ ಗೋಣಿಚೀಲದಂಥ ಮುಗ್ಗಲು ವಾಸನೆ ಬಂದರೆ ಎಲ್ಲೋ ಹಸಿ ಇದೆ ಅಂತಲೇ ಅರ್ಥ, ಕಲೆ ಕಾಣದಿದ್ದರೂ.

ಆಮೇಲೆ ಬೆರಳಿನಿಂದ ಗೋಡೆ ಒತ್ತುತ್ತಾ ಹೋಗಿ. ಮೇಲಿನ ಮೂಲೆಗಳು, ಕಿಟಕಿಯ ಕೆಳಗಿನ ಎರಡು ಮೂಲೆ, ಬಾಗಿಲ ಹತ್ತಿರದ ನೆಲ, ಸಿಂಕ್ ಕೆಳಗೆ, ಗಾಲಿಯ ಮೇಲಿನ ಗೂಡು. ಕಪಾಟುಗಳ ಒಳಗೂ ಕೈ ಹಾಕಿ, ಜನ ಅಲ್ಲೇ ನೋಡುವುದನ್ನು ಮರೆಯುತ್ತಾರೆ. ಅನುಮಾನ ಬಂದ ಕಡೆ ದಬ್ಬಣದಿಂದ ಚುಚ್ಚಿ. ಗಟ್ಟಿ ಕಟ್ಟಿಗೆಗೆ ದಬ್ಬಣದ ತುದಿ ಅಷ್ಟೇ ಹೋಗುತ್ತದೆ, ಲಡ್ಡು ಹಿಡಿದಿದ್ದರೆ ಬೆಣ್ಣೆಯೊಳಗೆ ಹೋದಂತೆ ಹೋಗುತ್ತದೆ.

ಎರಡು ಮುಳ್ಳಿರುವ ಸಣ್ಣ ತೇವಾಂಶದ ಮೀಟರ್ ಸಿಗುತ್ತದೆ, ಒಂದು ಕೊಳ್ಳಿ. ಈ ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ನಂಬಿದ್ದು ಅದನ್ನೇ. ಮೊದಲು ನಿಮ್ಮ ಮನೆಯ ಒಳಬಾಗಿಲ ಚೌಕಟ್ಟಿಗೆ ಚುಚ್ಚಿ ನೋಡಿ, ಅದು ನಿಮ್ಮೂರಿನ ಒಣ ಕಟ್ಟಿಗೆಯ ಲೆಕ್ಕ. ಆಮೇಲೆ ಗಾಡಿಯ ಗೋಡೆಗೆ ಚುಚ್ಚಿ. ಶೇಕಡಾ 15ರ ಒಳಗಿದ್ದರೆ ಚಿಂತೆಯಿಲ್ಲ. 15ರಿಂದ 20 ಇದ್ದರೆ ಕಣ್ಣಿಡಬೇಕು. 20 ದಾಟಿದರೆ ನೀರು ಬರುತ್ತಿದೆ. 28-30ರ ಮೇಲೆ ತಿಂಗಳುಗಟ್ಟಲೆ ನಿಂತ ಕಟ್ಟಿಗೆಯಲ್ಲಿ ಲಡ್ಡು ಹಿಡಿಸುವ ಬೂಷ್ಟು ಚೆನ್ನಾಗಿ ಬೆಳೆಯುತ್ತದೆ. ಗೋಡೆಯ ಮೇಲೆ ಅಡಿಗೊಂದರಂತೆ ಸೀಮೆಸುಣ್ಣದಲ್ಲಿ ಅಂಕಿ ಬರೆದುಕೊಂಡು ಹೋಗಿ. ಅಂಕಿಗಳು ಯಾವ ಕಡೆ ಏರುತ್ತವೋ ನೀರಿನ ದಾರಿ ಆ ಕಡೆ.

ಇನ್ನೊಂದು ಗುರುತು ನಮ್ಮ ಭಾಗದವರಿಗೆ ಪುಕ್ಕಟೆ ಸಿಗುತ್ತದೆ, ಧೂಳು. ಗದಗ, ನರಗುಂದದ ಕಡೆ ಎರೆ ಹೊಲದ ದಾರಿಯಲ್ಲಿ ಬೇಸಿಗೆಯಲ್ಲಿ ಒಂದು ಸುತ್ತು ಹೋಗಿಬನ್ನಿ, ಆಮೇಲೆ ಕಪಾಟುಗಳನ್ನು ಖಾಲಿ ಮಾಡಿ ಮೂಲೆಗಳನ್ನು ನೋಡಿ. ಕಪ್ಪು ಧೂಳು ಗೆರೆ ಎಳೆದಂತೆ ಕೂತಿದ್ದ ಕಡೆ ಸಂದಿ ಇದೆ. ಧೂಳು ಬಂದ ದಾರಿಯಲ್ಲಿ ನೀರೂ ಬರುತ್ತದೆ.

ಚಳಿಗಾಲದ ಬೆಳಗ್ಗೆ ಮಾತ್ರ ಗೋಡೆ ಹಸಿಯಾಗುತ್ತಿದ್ದರೆ ಅದು ಸೋರಿಕೆ ಆಗಿರಲಿಕ್ಕಿಲ್ಲ, ಒಳಗೆ ಮಲಗಿದವರ ಉಸಿರು, ಒಲೆಯ ಹಬೆ ತಣ್ಣನೆ ಗೋಡೆಗೆ ಬಡಿದು ನೀರಾಗಿರಬಹುದು. ಪರೀಕ್ಷೆ ಸುಲಭ. ಗೋಡೆ ಒರೆಸಿ, ಒಂದು ಚದರಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಚ್ಚಿ ಅಂಟಿಸಿ, ಒಂದೆರಡು ದಿನ ಬಿಡಿ. ಹನಿ ಹಾಳೆಯ ಮೇಲೆ ಇದ್ದರೆ ಹಬೆ, ಕಿಟಕಿ ಸ್ವಲ್ಪ ತೆರೆದಿಟ್ಟರೆ ಸಾಕು. ಹಾಳೆಯ ಅಡಿ ಇದ್ದರೆ ಗೋಡೆಯೊಳಗೇ ನೀರಿದೆ.

ನೀರು ನುಗ್ಗುವ ಜಾಗ ಹಿಡಿಯುವುದು

ನಮ್ಮ ಅಜ್ಜಿಯ ಮನೆ ಮಣ್ಣಿನ ಮಾಳಿಗೆ. ಮಳೆ ಹೊಡೆದಾಗ ನಡುಮನೆಯಲ್ಲಿ ಸೋರಿದರೆ ಅಜ್ಜಿ ನಡುಮನೆಯ ಮೇಲೆ ಮಣ್ಣು ಹಾಕಿಸುತ್ತಿರಲಿಲ್ಲ. ತೊಲೆಯ ಗುಂಟ ನೀರು ಎಲ್ಲಿಂದ ಬಂತು ಅಂತ ನೋಡಿ, ಎರಡು ಅಂಕಣ ಆಚೆ ಹಾಕಿಸುತ್ತಿದ್ದಳು. ಕ್ಯಾರವಾನ್‌ನಲ್ಲೂ ಅದೇ ಲೆಕ್ಕ. ನೀರು ರೀಪಿನ ಮೇಲೆ ಹರಿದು, ವೈರಿನ ಗುಂಟ ಸಾಗಿ, ಅಡ್ಡ ಕಟ್ಟಿಗೆ ಸಿಕ್ಕಲ್ಲಿ ಕೆಳಗಿಳಿಯುತ್ತದೆ. ನಮ್ಮ ಗಾಡಿಯಲ್ಲಿ ನೀರು ಕಂಡದ್ದು ಮಂಚದ ಹತ್ತಿರ. ನುಗ್ಗಿದ್ದು ಅಲ್ಲಿಂದ ನಾಲ್ಕಡಿ ಮುಂದೆ, ಛಾವಣಿಯ ಅಂಚಿಗಿದ್ದ ಸಣ್ಣ ದೀಪದ ಅಡಿಯಿಂದ. ಆ ದೀಪದ ರಬ್ಬರ್ ವಾಷರ್ ಮುಟ್ಟಿದರೆ ಪುಡಿ ಉದುರುವಷ್ಟು ಒಣಗಿತ್ತು.

ಹುಡುಕಲಿಕ್ಕೆ ಇಬ್ಬರು ಬೇಕು. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಬೇಕು, ಒಬ್ಬರು ಹೊರಗೆ ಪೈಪ್ ಹಿಡಿಯಬೇಕು. ನೀರನ್ನು ಜೋರಾಗಿ ಹೊಡೆಯಬೇಡಿ, ಮಳೆಯ ಹಾಗೆ ಬೀಳಲಿ. ಮುಖ್ಯವಾದ ಮಾತು ಏನಂದರೆ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಮೊದಲು ಗಾಲಿಯ ಗೂಡು ಮತ್ತು ಗೋಡೆಯ ಕೆಳಗಿನ ಅಂಚು, ಆಮೇಲೆ ಬಾಗಿಲು, ಆಮೇಲೆ ಕಿಟಕಿ, ಆಮೇಲೆ ಗೋಡೆ-ಛಾವಣಿ ಕೂಡುವ ಅಂಚು, ಎಲ್ಲಕ್ಕಿಂತ ಕೊನೆಗೆ ಛಾವಣಿಯ ಮೇಲಿನ ಗಾಳಿಕಿಂಡಿ. ಒಂದೊಂದು ಜಾಗಕ್ಕೂ ಹತ್ತು ನಿಮಿಷ ಕೊಡಿ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲದರ ಮೇಲೂ ಹರಿದು, ಯಾವ ಸಂದಿ ಕಳ್ಳ ಅಂತ ಗೊತ್ತೇ ಆಗುವುದಿಲ್ಲ. ಒಳಗಿನ ಪ್ಲೈವುಡ್ ಒಂದು ಕಡೆ ಬಿಚ್ಚಿಟ್ಟುಕೊಂಡು ಈ ಪರೀಕ್ಷೆ ಮಾಡಿದರೆ ಇನ್ನೂ ಒಳ್ಳೆಯದು, ಹನಿ ಕಣ್ಣಿಗೇ ಬೀಳುತ್ತದೆ.

ಇನ್ನೊಂದು ದಾರಿ ಗಾಳಿಯದು. ಕಿಟಕಿ, ಗಾಳಿಕಿಂಡಿ, ಸಿಂಕಿನ ತೂತು ಎಲ್ಲ ಟೇಪ್ ಹಚ್ಚಿ ಮುಚ್ಚಿ. ಒಂದು ಕಿಟಕಿಗೆ ರಟ್ಟು ಕತ್ತರಿಸಿ ಅದರ ಮೂಲಕ ಬ್ಲೋವರ್‌ನಿಂದ ಒಳಗೆ ಗಾಳಿ ಬಿಡಿ. ಹೊರಗೆ ಎಲ್ಲ ಅಂಚಿಗೂ ಸೋಪಿನ ನೀರು ಸಿಂಪಡಿಸುತ್ತಾ ಹೋಗಿ. ಪಂಕ್ಚರ್ ಹುಡುಕುವ ಹಾಗೆಯೇ, ಗುಳ್ಳೆ ಎದ್ದ ಕಡೆ ತೂತು. ಗಾಳಿ ಜಾಸ್ತಿ ಬಿಡಬೇಡಿ, ಕೈಗೆ ಹಿತವಾಗಿ ತಾಗುವಷ್ಟು ಸಾಕು. ನಿಂತಾಗ ಸೋರದೆ ಓಡುವಾಗ ಮಾತ್ರ ಸೋರುವ ಗಾಡಿಗಳಿರುತ್ತವೆ, ಅರಬೈಲ್ ಘಾಟಿನಲ್ಲಿ ಎದುರು ಗಾಳಿ ಮಳೆಗೆ ನೀರು ಅಂಚಿನೊಳಗೆ ಒತ್ತಿ ನುಗ್ಗುತ್ತದೆ. ಅಂಥ ಸೋರಿಕೆ ಪೈಪಿಗೆ ಸಿಗದಿದ್ದರೂ ಈ ಗುಳ್ಳೆಗೆ ಸಿಗುತ್ತದೆ.

ಎಲ್ಲ ಬಾರಿಯೂ ಮಳೆಯೇ ಕಾರಣ ಅಂತಲ್ಲ. ನಲ್ಲಿಗಳೆಲ್ಲ ಮುಚ್ಚಿದ್ದರೂ ನೀರಿನ ಪಂಪ್ ಆಗಾಗ ತಾನೇ ಗುರ್ ಅನ್ನುತ್ತಿದ್ದರೆ ಪೈಪಿನಲ್ಲಿ ಸೋರಿಕೆ ಇದೆ. ಮನೆಯಲ್ಲಿ ಹಾಕುವ ಗಟ್ಟಿ ಪಿವಿಸಿ ಪೈಪಿನ ಜಾಯಿಂಟು ಗಾಡಿಯ ಕುಲುಕಾಟಕ್ಕೆ ಬಿರುಕು ಬಿಡುತ್ತದೆ. ಬಗ್ಗುವ ಪೈಪ್ ಹಾಕಿ ಸ್ಟೀಲ್ ಕ್ಲಾಂಪ್ ಬಿಗಿಯಿರಿ. ಎಸಿ ಇದ್ದರೆ ಅದರ ನೀರು ಹೊರಹೋಗುವ ನಳಿಗೆಯನ್ನೂ ಊದಿ ನೋಡಿ.

ಬಿಚ್ಚುವುದು

ಮೊದಲು ಬ್ಯಾಟರಿಯ ವೈರ್ ತೆಗೆಯಿರಿ, ಹೊರಗಿನ ಕರೆಂಟ್ ಪ್ಲಗ್ ಕೀಳಿ, ಗ್ಯಾಸ್ ಸಿಲಿಂಡರ್ ಹೊರಗಿಡಿ. ಗೋಡೆಯೊಳಗೆ ಹಸಿ ವೈರ್ ಇರುತ್ತದೆ, ಇದರಲ್ಲಿ ಉದಾಸೀನ ಬೇಡ. ಬೂಷ್ಟಿನ ಪುಡಿ ಎದೆಗೆ ಕೆಟ್ಟದ್ದು, ಎನ್-95 ಮಾಸ್ಕ್ ಮತ್ತು ಕೈಗವಸು ಹಾಕಿಕೊಳ್ಳಿ, ಮಕ್ಕಳನ್ನು ದೂರ ಇಡಿ. ಪ್ರತಿ ಹಲಗೆ ತೆಗೆಯುವ ಮುಂಚೆ ಫೋಟೊ ಹೊಡೆಯಿರಿ, ಹಿಂದೆ ನಂಬರ್ ಬರೆಯಿರಿ. ಕೊಳೆತ ಪ್ಲೈವುಡ್ ಅಂತ ಎಸೆಯಬೇಡಿ, ಅದನ್ನೇ ಅಳತೆಗೆ ಇಟ್ಟುಕೊಂಡು ಹೊಸದನ್ನು ಕತ್ತರಿಸಬೇಕು.

ಒಂದು ಸಲಕ್ಕೆ ಒಂದೇ ಬದಿ ಬಿಚ್ಚಿ. ಈ ಗಾಡಿಗಳಲ್ಲಿ ಒಳಗಿನ ತೆಳು ಪ್ಲೈವುಡ್ ಕೂಡ ಭಾರ ಹಿಡಿಯುತ್ತದೆ. ಎರಡೂ ಕಡೆ ತೆಗೆದರೆ ಪೆಟ್ಟಿಗೆ ಓರೆಯಾಗುತ್ತದೆ, ಮತ್ತೆ ಬಾಗಿಲು ಕೂರುವುದೇ ಇಲ್ಲ. ಛಾವಣಿಗೆ ಒಳಗಿನಿಂದ ಎರಡು ಕಡೆ ಕಟ್ಟಿಗೆಯ ಆಸರೆ ಕೊಟ್ಟು, ಅಡಿಗೆ ಬೆಣೆ ಹೊಡೆದು ನಿಲ್ಲಿಸಿ. ಛಾವಣಿಯ ಮೇಲೆ ಹತ್ತಬೇಕಾದರೆ ತಗಡಿನ ಮೇಲೆ ಕಾಲಿಡಬೇಡಿ, ಅಡ್ಡ ರೀಪುಗಳ ಮೇಲೆ ಕೂರುವಂತೆ ಉದ್ದ ಹಲಗೆ ಹಾಕಿ.

ಬಿಚ್ಚಿದ ಮೇಲೆ ಮನಸ್ಸು ಕುಸಿಯುತ್ತದೆ. ಮೇಲೆ ಒಂದು ಕೈಯಗಲದ ಕಲೆ ಇದ್ದರೆ ಒಳಗೆ ಮೂರಡಿ ಕೊಳೆತಿರುತ್ತದೆ. ಚೌಕಟ್ಟಿನ ಅರ್ಧಕ್ಕಿಂತ ಜಾಸ್ತಿ ಹೋಗಿದ್ದು, ಚಾಸಿಗೆ ಬೋಲ್ಟ್ ಹಾಕಿದ ನೆಲದ ಅಂಚೂ ಪುಡಿಯಾಗಿದ್ದರೆ, ತೇಪೆ ಕೆಲಸ ಬೇಡ ಅಂತ ನಾನು ಹೇಳುತ್ತೇನೆ. ಆಗ ಚಾಸಿ ಉಳಿಸಿಕೊಂಡು ಮೇಲಿನದ್ದನ್ನು ಹೊಸದಾಗಿ ಕಟ್ಟಿಸುವುದೇ ಸರಿ. ಹುಬ್ಬಳ್ಳಿಯಲ್ಲಿ ಲಾರಿ ಬಾಡಿ ಕಟ್ಟುವ ಒಳ್ಳೆಯ ಮೇಸ್ತ್ರಿಗಳಿದ್ದಾರೆ, ತಗಡು, ರಿವೆಟ್ ಕೆಲಸ ಅವರ ಕೈಗೆ ನೀರು ಕುಡಿದಷ್ಟು ಸಲೀಸು. ಸೀಲ್ ಕೆಲಸ ಮಾತ್ರ ನೀವೇ ಪಕ್ಕದಲ್ಲಿ ನಿಂತು ಮಾಡಿಸಿ, ಯಾಕೆಂದರೆ ಜನ ಮಲಗುವ ಗಾಡಿಗೆ ಬೇಕಾದಷ್ಟು ಬಿಗಿ ಲಾರಿ ಬಾಡಿಗೆ ಬೇಕಿರುವುದಿಲ್ಲ.

ಒಣಗಿಸುವುದು: ಇಲ್ಲಿ ಅವಸರ ಮಾಡಬೇಡಿ

ನಮ್ಮ ಓಣಿಯ ಬಡಿಗೇರ ಕಾಕಾ ನನಗೆ ಕಲಿಸಿದ ದೊಡ್ಡ ಪಾಠ ಇದು. ಗೋಡೆ ಬಿಚ್ಚಿ ಹತ್ತು ದಿನ ಆಗಿತ್ತು. ಮುಟ್ಟಿದರೆ ಬೆಚ್ಚಗೆ, ಒಣಗಿದ ಹಾಗೇ ಇತ್ತು. ಹೊಸ ಪ್ಲೈವುಡ್ ತಂದು ನಿಲ್ಲಿಸಿಕೊಂಡಿದ್ದೆ. ಕಾಕಾ ಬಂದು ಕೆಳಗಿನ ರೀಪಿಗೆ ಉಳಿಯಿಂದ ಒಂದು ಸಣ್ಣ ಗೀರು ಹಾಕಿ, ಆ ಗೀರಿನೊಳಗೆ ಬೆರಳಿಟ್ಟು, "ಮುಚ್ಚಬ್ಯಾಡ ತಮ್ಮಾ, ಹೊಟ್ಟಿ ಒಳಗ ಇನ್ನೂ ಹಸಿ ಐತಿ" ಅಂದರು. ಮೀಟರ್ ಮುಳ್ಳನ್ನು ಆ ಗೀರಿಗೆ ಚುಚ್ಚಿದೆ. 24 ತೋರಿಸಿತು. ಮೇಲ್ಮೈಯಲ್ಲಿ ಅದೇ ಕಟ್ಟಿಗೆ 12 ತೋರಿಸುತ್ತಿತ್ತು. ಇನ್ನೂ ಮೂರು ವಾರ ಬಿಟ್ಟೆ.

ಹಾಗಾಗಿ ಮೀಟರನ್ನು ಕಟ್ಟಿಗೆಯ ಹೊಟ್ಟೆಗೆ ಚುಚ್ಚಿ ಅಳೆಯಿರಿ, 12-13ಕ್ಕೆ ಬರುವವರೆಗೆ ಮುಚ್ಚಬೇಡಿ. ಹಗಲು ಕಿಟಕಿ ಬಾಗಿಲು ತೆರೆದಿಟ್ಟು ಎದುರು ಬದುರು ಎರಡು ಫ್ಯಾನ್ ಹಚ್ಚಿ. ಸಂಜೆ ಮುಚ್ಚಿ. ಗ್ಲಾಸ್‌ವೂಲ್ ನೆಂದಿದ್ದರೆ ಅದನ್ನು ಒಣಗಿಸುವ ಗೋಜಿಗೆ ಹೋಗಬೇಡಿ, ತೆಗೆದು ಎಸೆಯಿರಿ, ಅದು ನೀರನ್ನು ಸ್ಪಂಜಿನ ಹಾಗೆ ಹಿಡಿದಿಟ್ಟುಕೊಳ್ಳುತ್ತದೆ. ಥರ್ಮೋಕೋಲ್ ಆದರೆ ತೊಳೆದು ಬಿಸಿಲಿಗಿಟ್ಟು ಮತ್ತೆ ಬಳಸಬಹುದು. ಬಿಸಿಗಾಳಿಯ ಗನ್ ಹಿಡಿದು ಕಟ್ಟಿಗೆ ಒಣಗಿಸುವ ಆಸೆ ಬೇಡ, ಮೇಲ್ಮೈ ಸೀಳುತ್ತದೆ, ಹೊಟ್ಟೆ ಹಸಿಯಾಗೇ ಉಳಿಯುತ್ತದೆ.

ಬೂಷ್ಟು ಹಿಡಿದ ಗಟ್ಟಿ ಕಟ್ಟಿಗೆಯನ್ನು ಒದ್ದೆ ಬಟ್ಟೆ ಮತ್ತು ಸೋಪಿನ ನೀರಿನಿಂದ ಒರೆಸಿ. ಒಣ ಬ್ರಷ್ ಹಾಕಿ ಉಜ್ಜಿದರೆ ಪುಡಿ ಇಡೀ ಗಾಡಿ ತುಂಬುತ್ತದೆ. ಆಮೇಲೆ ಅಕ್ಕಸಾಲಿಗರು ಬಳಸುವ ಬಿಳಿಗಾರ ಮತ್ತು ಕೇರಂ ಬೋರ್ಡಿಗೆ ಹಾಕುವಂಥ ಬೋರಿಕ್ ಪುಡಿ ತನ್ನಿ. ಒಂದು ಲೀಟರ್ ಬಿಸಿ ನೀರಿಗೆ 60 ಗ್ರಾಂ ಬಿಳಿಗಾರ, 40 ಗ್ರಾಂ ಬೋರಿಕ್ ಪುಡಿ ಹಾಕಿ ಕರಗಿಸಿ, ಬ್ರಷ್‌ನಿಂದ ಎರಡು ಮೂರು ಸಲ ಕಟ್ಟಿಗೆಗೆ ಕುಡಿಸಿ. ಲಡ್ಡಿಗೂ ಗೆದ್ದಲಿಗೂ ಇದು ತಡೆ. ಆದರೆ ನೀರು ಬಿದ್ದರೆ ಈ ಮದ್ದು ತೊಳೆದು ಹೋಗುತ್ತದೆ, ಆದ್ದರಿಂದ ಒಣಗಿದ ಮೇಲೆ ಪ್ರೈಮರ್ ಹೊಡೆಯಲೇಬೇಕು. ಉಳಿದ ನೀರನ್ನು ಮಕ್ಕಳ, ದನಕರುಗಳ ಕೈಗೆ ಬಾಯಿಗೆ ಸಿಗದಂತೆ ಇಡಿ.

ಕೊಳೆತದ್ದನ್ನು ಕತ್ತರಿಸಿ ಹೊಸದು ಕೂಡಿಸುವುದು

ದಬ್ಬಣ ಹೋಗುವ ಭಾಗದಿಂದ ಆಚೆ, ಗಟ್ಟಿ ಕಟ್ಟಿಗೆ ಸಿಕ್ಕ ಮೇಲೂ ಅರ್ಧ ಅಡಿ ಮುಂದೆ ಹೋಗಿ ಕತ್ತರಿಸಿ. ಲಡ್ಡು ಕಣ್ಣಿಗೆ ಕಾಣುವುದಕ್ಕಿಂತ ಮುಂದೆ ಹೋಗಿರುತ್ತದೆ. ಹೊಸ ರೀಪು ಚೆನ್ನಾಗಿ ಹದಗೊಂಡ ಸಾಗವಾನಿ ಆದರೆ ಉತ್ತಮ. ಹೊಸ ತುಂಡನ್ನು ಹಳೆಯದಕ್ಕೆ ತುದಿಗೆ ತುದಿ ತಾಗಿಸಿ ಮೊಳೆ ಹೊಡೆಯಬೇಡಿ. ಎರಡನ್ನೂ ಅರ್ಧ ದಪ್ಪಕ್ಕೆ ಕೊರೆದು ಒಂದರ ಮೇಲೊಂದು ಐದಾರು ಇಂಚು ಕೂರಿಸಿ, ನಿಧಾನ ಗಟ್ಟಿಯಾಗುವ ಎಪಾಕ್ಸಿ ಅಂಟು ಹಚ್ಚಿ, ಕ್ಲಾಂಪ್ ಹಾಕಿ, ಸ್ಕ್ರೂ ಬಿಗಿಯಿರಿ. ಗಾಡಿ ಕುಲುಕುತ್ತದೆ ಅನ್ನುವುದನ್ನು ಪ್ರತಿ ಜೋಡಣೆಯಲ್ಲೂ ನೆನಪಿಡಿ.

ಸ್ಕ್ರೂ 304 ಸ್ಟೇನ್‌ಲೆಸ್ ಸ್ಟೀಲ್ ಇರಲಿ. ಸಾದಾ ಕಬ್ಬಿಣದ ಸ್ಕ್ರೂ ಹಸಿ ಕಟ್ಟಿಗೆಯಲ್ಲಿ ತುಕ್ಕು ಹಿಡಿಯುವುದಲ್ಲದೆ, ಅಲ್ಯೂಮಿನಿಯಂ ತಗಡನ್ನೂ ತಾಗಿದ ಕಡೆಯೆಲ್ಲ ಬಿಳಿ ಪುಡಿ ಎಬ್ಬಿಸಿ ತಿನ್ನುತ್ತದೆ. ಹುಬ್ಬಳ್ಳಿಯ ದುರ್ಗದಬೈಲಿನ ಸುತ್ತಮುತ್ತಲ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. ಕೊಳ್ಳುವಾಗ ನಂಬರ್ ಹೇಳಿ ಕೇಳಿ, ಬರೀ "ಸ್ಟೀಲ್ ಸ್ಕ್ರೂ" ಅಂದರೆ ಬೇರೆಯದೇ ಕೈಗೆ ಬರಬಹುದು.

ನೆಲದ ಕೆಲಸ ಬೇರೆ ಥರ. ನೆಲಕ್ಕೆ ಮೇಲಿನಿಂದಲೂ ನೀರು, ಗಾಲಿ ಚಿಮ್ಮಿಸಿ ಕೆಳಗಿನಿಂದಲೂ ನೀರು. ಕೊಳೆತ ಭಾಗವನ್ನು ಚೌಕವಾಗಿ, ಕತ್ತರಿಸಿದ ಗೆರೆ ಚಾಸಿಯ ಅಡ್ಡಪಟ್ಟಿಯ ಅಗಲದ ನಡುವೆ ಬರುವಂತೆ ಕತ್ತರಿಸಿ, ಹೊಸ ತುಂಡಿನ ಅಂಚು ಕಬ್ಬಿಣದ ಮೇಲೇ ಕೂರಬೇಕು. ಅಡ್ಡಪಟ್ಟಿ ಸಿಗದ ಕಡೆ ಕೆಳಗೊಂದು ರೀಪು ಕೊಡಿ. ಕತ್ತರಿಸುವ ಮುಂಚೆ ಗಾಡಿಯ ಅಡಿಗೆ ಮಲಗಿ ವೈರ್, ಪೈಪ್ ಎಲ್ಲಿವೆ ಅಂತ ನೋಡಿ. ಚಾಸಿ ಬಯಲಾದಾಗ ತುಕ್ಕನ್ನು ತಂತಿ ಬ್ರಷ್‌ನಿಂದ ತಿಕ್ಕಿ ರೆಡ್ ಆಕ್ಸೈಡ್ ಹೊಡೆದುಬಿಡಿ, ಮತ್ತೆ ಆ ಅವಕಾಶ ಸಿಗುವುದಿಲ್ಲ.

ಪ್ಲೈವುಡ್ ಮೇಲೆ ಐಎಸ್ 710 ಅನ್ನುವ ಮುದ್ರೆ ನೋಡಿ ತನ್ನಿ, ಅದು ನೀರಿಗೆ ತಡೆಯುವ ಮರೈನ್ ಪ್ಲೈ. ಎಂಆರ್ ಅಂತ ಬರೆದದ್ದು ಮನೆಯೊಳಗಿನ ಕಪಾಟಿಗೆ ಸರಿ, ಗಾಡಿಗೆ ಆಗದು. ಮರೈನ್ ಪ್ಲೈ ಅಂತ ನಿಶ್ಚಿಂತೆ ಬೇಡ. ಅದರ ಅಂಟು ಬಿಡುವುದಿಲ್ಲ, ಆದರೆ ಕಟ್ಟಿಗೆ ಕಟ್ಟಿಗೆಯೇ. ಕತ್ತರಿಸಿದ ಅಂಚುಗಳಿಗೆ ಎಪಾಕ್ಸಿ ಎರಡು ಸಲ ಕುಡಿಸಿ, ಕೂರಿಸುವ ಮುಂಚೆ ಮೇಲೆ, ಕೆಳಗೆ, ನಾಲ್ಕೂ ಅಂಚು ಬಣ್ಣ ಹೊಡೆಯಿರಿ. ಬೋಲ್ಟ್ ಹೋಗುವ ತೂತಿಗೆ ಒಂದು ಉಪಾಯ ಇದೆ. ತೂತನ್ನು ಮೊದಲು ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಅದು ಕಲ್ಲಾದ ಮೇಲೆ ನಡುವೆ ಬೋಲ್ಟಿನ ಅಳತೆಗೆ ಮತ್ತೆ ಕೊರೆಯಿರಿ. ಆಗ ಬೋಲ್ಟಿನ ಗುಂಟ ಬಂದ ನೀರು ಕಟ್ಟಿಗೆ ಮುಟ್ಟುವುದೇ ಇಲ್ಲ.

ಸ್ವಲ್ಪ ಮೆತ್ತಗಾದ, ಆದರೆ ಆಕಾರ ಬಿಡದ ಜಾಗಕ್ಕೆ ತೆಳು ಎಪಾಕ್ಸಿ ಕುಡಿಸಿ ಗಟ್ಟಿ ಮಾಡಬಹುದು. ಭಾರ ಹೊರುವ ರೀಪಿಗೆ ಮಾತ್ರ ಇದನ್ನು ನಂಬಬೇಡಿ.

ಹೊರಗಿನ ಸೀಲ್

ಚೌಕಟ್ಟು ಗಟ್ಟಿಯಾದ ಮೇಲೆಯೇ ಇದು, ಯಾಕೆಂದರೆ ಅಂಚಿನ ಪಟ್ಟಿಯ ಸ್ಕ್ರೂಗಳು ಹಿಡಿಯುವುದು ಒಳಗಿನ ಕಟ್ಟಿಗೆಯನ್ನೇ. ಕಟ್ಟಿಗೆ ಪುಡಿಯಾಗಿದ್ದರೆ ಮೇಲೆ ಎಷ್ಟು ಅಂಟು ಹಾಕಿದರೂ ಪಟ್ಟಿ ಬಿಗಿಯಾಗುವುದಿಲ್ಲ.

ಯಾವುದನ್ನು ಹಚ್ಚಬಾರದು ಅಂತ ಮೊದಲು ಹೇಳುತ್ತೇನೆ. ಬಾತ್‌ರೂಮಿಗೆ ಹಾಕುವ ಸಿಲಿಕಾನ್ ಬೇಡ. ವರ್ಷಗಳು ಕಳೆದಂತೆ ಅದು ಅಂಚಿನಿಂದ ಏಳುತ್ತದೆ, ಆಮೇಲೆ ಅದರ ಮೇಲೆ ಯಾವುದೂ ಹಿಡಿಯುವುದಿಲ್ಲ, ಹೊಸ ಸಿಲಿಕಾನ್ ಕೂಡ. ಎಂ-ಸೀಲ್ ಬೇಡ, ಕಲ್ಲಿನ ಹಾಗೆ ಗಟ್ಟಿಯಾಗಿ ಕುಲುಕಾಟಕ್ಕೆ ಬಿರಿಯುತ್ತದೆ. ಡಾಂಬರು ಬೇಡವೇ ಬೇಡ. ಬಿಸಿಲಿಗೆ ಇಳಿದು ಬರುತ್ತದೆ, ಆಮೇಲೆ ತೆಗೆಯಲಿಕ್ಕೆ ಹೋದರೆ ತಗಡೇ ಹಾಳು. ಮನೆಯ ಟೆರೇಸಿಗೆ ಹಚ್ಚುವ ವಾಟರ್‌ಪ್ರೂಫ್ ಪುಡಿಯೂ ಇಲ್ಲಿ ನಡೆಯುವುದಿಲ್ಲ. ಹಳೆ ಪಟ್ಟಿಯನ್ನು ಬಿಚ್ಚದೆ ಮೇಲಿಂದ ಮೇಲೆ ಅಂಟು ಬಳಿಯುವುದನ್ನು ಎಷ್ಟೋ ಜನ ಮಾಡುತ್ತಾರೆ. ಒಂದು ಮಳೆಗಾಲ ನಿಲ್ಲಬಹುದು, ಅಷ್ಟೇ.

ಸರಿಯಾದ ದಾರಿ ಹೀಗೆ. ಪಟ್ಟಿಯ ಸ್ಕ್ರೂ ಎಲ್ಲ ತೆಗೆದು, ಪಟ್ಟಿಯನ್ನು ಬಗ್ಗದಂತೆ ನಿಧಾನಕ್ಕೆ ಎಬ್ಬಿಸಿ. ಹಳೆ ಅಂಟನ್ನು ಕಟ್ಟಿಗೆಯ ಅಥವಾ ಪ್ಲಾಸ್ಟಿಕ್ಕಿನ ಚೂರಿಯಿಂದ ಕೆರೆಯಿರಿ, ಕಬ್ಬಿಣದ್ದು ತಗಡಿಗೆ ಗೀರು ಹಾಕುತ್ತದೆ. ಉಳಿದ ಜಿಗುಟನ್ನು ಟರ್ಪಂಟೈನ್ ಬಟ್ಟೆಯಿಂದ ಒರೆಸಿ, ಕೊನೆಗೆ ಸ್ಪಿರಿಟ್ ಹಾಕಿ ಒರೆಸಿ. ಬಟ್ಟೆ ಬೆಳ್ಳಗೆ ಬರುವವರೆಗೆ ಬಿಡಬೇಡಿ. ಇದು ಬೇಸರದ ಕೆಲಸ, ನಮಗೆ ಎರಡು ಬದಿಗೆ ನಾಲ್ಕು ದಿನ ಹಿಡಿಯಿತು. ಆದರೆ ಕೊಳೆಯ ಮೇಲೆ ಹಾಕಿದ ಸೀಲ್ ಕೊಳೆಗೆ ಅಂಟುತ್ತದೆಯೇ ಹೊರತು ತಗಡಿಗಲ್ಲ.

ಪಟ್ಟಿಯ ಅಡಿಗೆ ಬ್ಯುಟೈಲ್ ಟೇಪ್ ಹಾಕಿ. ಅದು ಗಟ್ಟಿಯಾಗದ, ಜಿಗಿಯುವ ಕಪ್ಪು ಅಥವಾ ಬೂದಿ ಬಣ್ಣದ ಟೇಪು, ಸುಮಾರು 3 ಮಿಲಿಮೀಟರ್ ದಪ್ಪದ್ದು ಇರಲಿ. ಸ್ಕ್ರೂ ಆ ಟೇಪಿನ ಮೂಲಕವೇ ಹೋಗಬೇಕು, ಆಗ ಟೇಪು ಸ್ಕ್ರೂವಿನ ಕುತ್ತಿಗೆಯನ್ನು ಸುತ್ತಿ ಹಿಡಿಯುತ್ತದೆ. ಸ್ಕ್ರೂವನ್ನು ಮಧ್ಯದಿಂದ ಎರಡೂ ತುದಿಯ ಕಡೆಗೆ ಬಿಗಿಯುತ್ತಾ ಹೋಗಿ. ಅಂಚಿನುದ್ದಕ್ಕೂ ಟೇಪು ಸ್ವಲ್ಪ ಹೊರಗೆ ಉಬ್ಬಿ ಬರಬೇಕು. ಉಬ್ಬದ ಕಡೆ ಸಂದಿ ಇದೆ ಅಂತ ತಿಳಿಯಿರಿ. ಹಳೆ ತೂತು ಸಡಿಲವಾಗಿದ್ದರೆ ಎಪಾಕ್ಸಿ ಹಚ್ಚಿದ ಕಟ್ಟಿಗೆಯ ಗೂಟ ಹೊಡೆದು, ಒಣಗಿದ ಮೇಲೆ ಅಲ್ಲೇ ಮತ್ತೆ ಕೊರೆಯಿರಿ. ಎರಡು ಮೂರು ದಿನ ಬಿಸಿಲಿಗೆ ಬಿಟ್ಟರೆ ಟೇಪು ಮೆತ್ತಗಾಗಿ ಕೂರುತ್ತದೆ, ಆಗ ಸ್ಕ್ರೂಗಳನ್ನು ಇನ್ನೊಂದು ಸುತ್ತು ಬಿಗಿದು, ಹೊರಗೆ ಬಂದದ್ದನ್ನು ಕತ್ತರಿಸಿ. ಈ ಎರಡನೇ ಬಿಗಿತವನ್ನು ಬಿಟ್ಟರೆ ಕೆಲಸ ಅರ್ಧಕ್ಕೆ ನಿಂತ ಹಾಗೆ.

ಆಮೇಲೆ ಪಟ್ಟಿಯ ಮೇಲಂಚಿಗೆ ಮತ್ತು ಸ್ಕ್ರೂ ತಲೆಗಳಿಗೆ ಪಿಯು ಸೀಲಂಟ್, ಅಂದರೆ ಬಸ್ಸು ಕಾರುಗಳ ಮುಂದಿನ ಗಾಜು ಕೂರಿಸುವ ಜಾತಿಯ ಅಂಟು. ಗಾಜು ಹಾಕುವ ಅಂಗಡಿಯವರ ಹತ್ತಿರ ಇರುತ್ತದೆ. ಆದರೆ ಗಾಜಿನ ಅಂಟು ಎಲ್ಲವೂ ಬಿಸಿಲಿಗೆ ಬಾಳುವುದಿಲ್ಲ, ಹೊರಗಿನ ಬಿಸಿಲಿಗೆ ಆಗುತ್ತದಾ ಅಂತ ಟ್ಯೂಬಿನ ಮೇಲೆ ಓದಿ ತೆಗೆದುಕೊಳ್ಳಿ. ದಿನಕ್ಕೆ ಎರಡು ಮೂರು ಮಿಲಿಮೀಟರಿನಷ್ಟೇ ಗಟ್ಟಿಯಾಗುತ್ತದೆ, ಅಲ್ಲಿವರೆಗೆ ಗಾಡಿ ಅಲುಗಾಡಿಸಬೇಡಿ. ಗಾಳಿಕಿಂಡಿ, ಮೇಲಿನ ದೀಪ, ಆಂಟೆನಾ, ಸೋಲಾರ್ ಹಲಗೆಯ ಕಾಲು, ಛಾವಣಿಯಲ್ಲಿ ತೂತು ಬಿದ್ದ ಪ್ರತಿಯೊಂದಕ್ಕೂ ಇದೇ ಕ್ರಮ. ಅಡಿಗೆ ಬ್ಯುಟೈಲ್, ಮೇಲಂಚಿಗೆ ಪಿಯು. ಪಟ್ಟಿಗಳು ಒಂದರ ಮೇಲೊಂದು ಬರುವ ಕಡೆ ಮಂಗಳೂರು ಹೆಂಚಿನ ಹಾಗೆ ಮೇಲಿನದು ಕೆಳಗಿನದರ ಮೇಲೆ ಬರಲಿ.

ಕಿಟಕಿಗೂ ಬಿಚ್ಚಿ ಹೊಸ ಬ್ಯುಟೈಲ್ ಹಾಕುವುದೇ. ಒಂದು ಎಚ್ಚರಿಕೆ ಮಾತ್ರ. ಕಿಟಕಿ ಚೌಕಟ್ಟಿನ ಕೆಳಗಿನ ಅಂಚಿಗೆ ಹೊರಗಡೆ ಎರಡು ಸಣ್ಣ ತೂತು ಇರುತ್ತವೆ. ಗಾಜು ಸರಿಯುವ ಹಳಿಯಲ್ಲಿ ಬಿದ್ದ ನೀರು ಹೊರಗೆ ಹೋಗಲಿಕ್ಕೆ ಇರುವ ತೂತು ಅದು. ಸೋರುತ್ತದೆ ಅಂತ ಅದನ್ನೇ ಮುಚ್ಚಿದರೆ ನೀರು ಒಳಗೆ ತುಂಬಿ ಗೋಡೆಗಿಳಿಯುತ್ತದೆ. ನಮ್ಮ ಕಡೆ ಎರೆ ಮಣ್ಣಿನ ಧೂಳು ಸೇರಿ ತಾನೇ ಮುಚ್ಚಿಹೋಗಿರುತ್ತದೆ, ಕಡ್ಡಿ ಹಾಕಿ ಬಿಡಿಸಿ.

ಒಳಗೆ ಮುಚ್ಚುವ ಮುಂಚೆ

ಪೈಪ್ ಹಿಡಿದು ನೀರಿನ ಪರೀಕ್ಷೆ ಇನ್ನೊಮ್ಮೆ ಮಾಡಿ, ಈ ಸಲ ಅರ್ಧ ಗಂಟೆ. ಗೋಡೆ ಬಯಲಾಗಿಯೇ ಇರುವುದರಿಂದ ಒಂದು ಹನಿ ಬಂದರೂ ಕಾಣುತ್ತದೆ. ಆಮೇಲೆ ಎರಡು ಮೂರು ದಿನ ಕಾದು, ಮೀಟರ್ ನೋಡಿ, ಥರ್ಮೋಕೋಲ್ ತುಂಬಿ, ಪ್ಲೈವುಡ್ ಹೊಡೆಯಿರಿ. ಈ ಒಳಗಿನ ಕೆಲಸ ಯಾವ ಬಡಿಗೇರನೂ ಮಾಡಿಕೊಡುತ್ತಾನೆ.

ಒಂದು ಮಾತ್ರ ಹಠ ಹಿಡಿದು ಮಾಡಿಸಿ. ಸೋರಿದ್ದ ಮೂಲೆಯಲ್ಲಿ, ಮಂಚದ ಕೆಳಗೆ, ಸಿಂಕಿನ ಹಿಂದೆ ಅಂಗೈಯಗಲದ ಒಂದೊಂದು ಬಾಗಿಲು ಬಿಡಿಸಿ, ನಾಲ್ಕು ಸ್ಕ್ರೂ ತೆಗೆದರೆ ಬರುವಂಥದ್ದು. ಬಡಿಗೇರ ಕಾಕಾ "ಚಂದ ಕಾಣಂಗಿಲ್ಲ ನೋಡು" ಅಂದರು, ನಾನು ಬಿಡಲಿಲ್ಲ. ಈಗ ಮೂರು ಮಳೆಗಾಲ ಕಳೆದಿವೆ. ಮೇ ಕೊನೆಯಲ್ಲಿ, ರೋಹಿಣಿ ಮಳೆಯ ಹೊತ್ತಿಗೆ, ಛಾವಣಿ ತೊಳೆದು ಅಂಚಿನುದ್ದಕ್ಕೂ ಬೆರಳಾಡಿಸಿ ಪಿಯು ಎಲ್ಲಾದರೂ ಎದ್ದಿದೆಯಾ ನೋಡುತ್ತೇನೆ. ಆಗಸ್ಟ್‌ನಲ್ಲಿ ಒಮ್ಮೆ, ಮಳೆ ನಿಂತ ಮೇಲೆ ನವೆಂಬರ್‌ನಲ್ಲಿ ಒಮ್ಮೆ ಆ ಸಣ್ಣ ಬಾಗಿಲುಗಳನ್ನು ತೆಗೆದು ಮೀಟರ್ ಚುಚ್ಚಿ, ಅಂಕಿಯನ್ನು ಬಾಗಿಲ ಹಿಂಬದಿಗೆ ಪೆನ್ಸಿಲ್‌ನಲ್ಲಿ ಬರೆದಿಡುತ್ತೇನೆ. ಮಳೆಗಾಲದಲ್ಲಿ ಒಂದೆರಡು ಅಂಕಿ ಏರುವುದು ಸಹಜ, ನವೆಂಬರ್‌ಗೆ ಇಳಿಯಬೇಕು. ಇಳಿಯದಿದ್ದರೆ ಮತ್ತೆ ಪೈಪ್ ಹಿಡಿಯಬೇಕು. ಗಾಡಿ ನಿಲ್ಲಿಸುವಾಗ ಮೂಗನ್ನು ಎರಡು ಇಂಚು ಮೇಲೆತ್ತಿ ನಿಲ್ಲಿಸಿ, ಛಾವಣಿಯ ಮೇಲೆ ನೀರು ನಿಲ್ಲದೆ ಹಿಂದಕ್ಕೆ ಹರಿಯುತ್ತದೆ. ಮರದ ಕೆಳಗೆ ನಿಲ್ಲಿಸಿದರೆ ಎಲೆ ಬಿದ್ದು ಅಂಚಿನಲ್ಲಿ ಕೊಳೆಯುತ್ತದೆ, ವಾರಕ್ಕೊಮ್ಮೆಯಾದರೂ ಗುಡಿಸಿ.